ಬಲಗಡೆಯ ಮುಖ

ಅಣ್ಣ ಬಟ್ಟೆಯಿಂದ ಗಾಜು ಒರೆಸುತ್ತಿದ್ದ ಫೋಟೊವನ್ನು, ಬಸ್ ನಿಲ್ದಾಣದಿಂದ ಬಂದಿದ್ದ ವೇಳಾಪಟ್ಟಿಯವಳು ಅವನ ಕೈಯಿಂದಲೇ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

“ಇವರ್ಯಾರು?”

ಅಣ್ಣನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಿನ್ನೆ ಬೆಳಿಗ್ಗೆಯಿಂದ ಆಸ್ಪತ್ರೆ, ಠಾಣೆ, ಚಿತಾಗಾರ ಎಂದು ಓಡಾಡಿ ಅವನ ಕಣ್ಣು ಕೆಂಪಾಗಿತ್ತು. “ಯಾರು ಅಂದ್ರೆ? ನನ್ನ ತಂಗಿ.”

“ಅಲ್ಲ.”

ಕೋಣೆಯಲ್ಲಿ ಏಳೆಂಟು ಜನ ಇದ್ದರು. ನಡುವೆ ಮಂಚದ ಮೇಲೆ, ಎದೆಯವರೆಗೆ ಬಿಳಿ ಹೊದಿಕೆ ಹೊದ್ದು, ನಿಲ್ದಾಣದವರೆಲ್ಲ ಅಕ್ಕ ಎನ್ನುತ್ತಿದ್ದ ಆ ತಂಗಿ ಮಲಗಿದ್ದಳು. ಐವತ್ತೊಂಬತ್ತು ವರ್ಷ. ಬಸ್ ನಿಲ್ದಾಣದಲ್ಲಿ ಕಳೆದ ಸಾಮಾನಿನ ಕೋಣೆ ನೋಡಿಕೊಳ್ಳುತ್ತಿದ್ದವಳು. ಅದರ ಪಕ್ಕದ ಕೋಣೆಯಲ್ಲಿ ಕೂತು ಬಸ್ಸುಗಳ ವೇಳಾಪಟ್ಟಿ ತಯಾರಿಸುವವಳು ಈಕೆ. ಹದಿನೇಳು ವರ್ಷ ಇಬ್ಬರ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ ಮಾತ್ರ.

ಫೋಟೊದಲ್ಲಿದ್ದ ಹೆಂಗಸಿಗೆ ಎರಡೂ ಕಣ್ಣು ಒಂದೇ ಅಳತೆ. ತುಟಿಯ ಎರಡೂ ತುದಿ ಒಂದೇ ಎತ್ತರಕ್ಕೆ ಏರಿ ಅಚ್ಚುಕಟ್ಟಾದ ನಗು. ಅಕ್ಕನ ಎಡಗೆನ್ನೆಯಲ್ಲಿ, ಮೂಗಿನ ಪಕ್ಕ ಒಂದು ಮಚ್ಚೆಯಿತ್ತು. ಫೋಟೊದಲ್ಲಿ ಮೂಗಿನ ಆ ಪಕ್ಕಕ್ಕೊಂದು, ಈ ಪಕ್ಕಕ್ಕೊಂದು.

“ಸ್ಟುಡಿಯೋದವನು ಸರಿಮಾಡಿ ಕೊಟ್ಟ,” ಎಂದ ಅಣ್ಣ. “ಎಡಗಡೆ ಚೆನ್ನಾಗೇ ಇತ್ತಲ್ಲ. ಅದನ್ನೇ ತಿರುಗಿಸಿ ಬಲಗಡೆಗೂ ಕೂರ್ಸಿದಾನೆ. ಹತ್ತು ನಿಮಿಷದ ಕೆಲಸ ಅಂದ.”

“ಇಪ್ಪತ್ತೇಳು ವರ್ಷ ಹೊತ್ಕೊಂಡು ಓಡಾಡಿದ ಮುಖ ಅಣ್ಣಾ ಅದು. ಹತ್ತು ನಿಮಿಷದಲ್ಲಿ ತೆಗೆಸಿಬಿಟ್ರಾ?”

“ಕೊನೇ ದಿನ ಆದ್ರೂ ನಾಲ್ಕು ಜನರ ಮುಂದೆ ಲಕ್ಷಣವಾಗಿ ಕಾಣ್ಲಿ ಅಂತ ಮಾಡ್ಸಿದೀನಿ. ಅದರಲ್ಲಿ ತಪ್ಪೇನಮ್ಮ?”

ಅವಳು ಉತ್ತರ ಕೊಡುವ ಮೊದಲೇ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಹತ್ತಿರ ಬಂದು ಅವಳ ಮೊಣಕೈ ಹಿಡಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: “ಬೇಜಾರು ಮಾಡ್ಕೋಬೇಡ. ಇಲ್ಲಿ ನೋಡು, ದೇವರೇ ಸರಿಮಾಡಿ ಕರ್ಕೊಂಡಿದಾನೆ. ಈಗ ಎರಡೂ ಕಡೆ ಒಂದೇ ಥರ ಇದೆ, ನೋಡು.”

ವೇಳಾಪಟ್ಟಿಯವಳು ನೋಡಿದಳು. ಅತ್ತಿಗೆ ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಬಲಗಡೆ ಸರಿಹೋಗಿರಲಿಲ್ಲ. ಎಡಗಡೆಯೇ ಜೀವ ಬಿಟ್ಟು ಬಲಗಡೆಯ ಹಾಗಾಗಿತ್ತು. ಎಂದೂ ಪೂರ್ತಿ ಮುಚ್ಚದ ಬಲಗಣ್ಣನ್ನು ಯಾರೋ ಬೆರಳಿನಿಂದ ಒತ್ತಿ ಮುಚ್ಚಿದ್ದರು.

ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಡ್ರೈವರ್ ಗಂಟಲು ಸರಿಮಾಡಿಕೊಂಡ. ನಿನ್ನೆಯಿಂದ ಅವನು ಅದೇ ಮಾತನ್ನು ಎಲ್ಲರಿಗೂ ಹೇಳುತ್ತಿದ್ದ. ಯಾರಾದರೂ ‘ನಿನ್ನದೇನೂ ತಪ್ಪಿಲ್ಲ’ ಎನ್ನುವವರೆಗೆ ಹೇಳುವವನಿದ್ದ.

“ಆ ಕಣ್ಣಿಂದಲೇ ಮೋಸ ಹೋದೆ ನಾನು. ಏಳೂವರೆ ಬಸ್ಸಿಗೆ ಹತ್ತಿದ್ರು. ನನ್ನ ಹಿಂದಿನ ಸೀಟೇ. ಕನ್ನಡೀಲಿ ನೋಡ್ದೆ, ಕಣ್ಣು ಬಿಟ್ಕೊಂಡು ಕಿಟಕಿ ಕಡೆ ನೋಡ್ತಿದಾರೆ. ‘ಏನಕ್ಕಾ, ಇವತ್ತು ಮಾತೇ ಇಲ್ಲ’ ಅಂತ ತಮಾಷೆ ಬೇರೆ ಮಾಡ್ದೆ. ನಿಲ್ದಾಣ ಬಂದು ಎಲ್ರೂ ಇಳಿದ್ರೂ ಏಳಲಿಲ್ಲ. ಹತ್ರ ಹೋಗಿ ನೋಡಿದ್ರೆ ಆ ಒಂದು ಕಣ್ಣು ಮಾತ್ರ ತೆರೆದಿದೆ.”

“ಅವಳು ನಿದ್ದೆ ಮಾಡ್ತಿದ್ದದ್ದೇ ಹಾಗಲ್ವಾ,” ಎಂದಳು ಅತ್ತಿಗೆ.

“ಅದೇ. ಅದು ನಂಗೆ ಗೊತ್ತಿರ್ಲಿಲ್ಲ ನೋಡಿ.”

---

ಮೂವತ್ತೆರಡು ವರ್ಷದವರೆಗೆ ಅಕ್ಕ ಮೂರನೇ ನಂಬರಿನ ಟಿಕೆಟ್ ಕೌಂಟರಿನಲ್ಲಿದ್ದಳು. ಸಾಲು ಎಷ್ಟೇ ಉದ್ದವಿದ್ದರೂ ಆ ಕೌಂಟರಿನ ಸಾಲು ಬೇಗ ಕರಗುತ್ತದೆಂದು ಪ್ರಯಾಣಿಕರು ಅಲ್ಲೇ ನಿಲ್ಲುತ್ತಿದ್ದರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆಮೇಲೆ ಬಲಗಿವಿಯ ಕೆಳಗೆ ಗೋಲಿಯಷ್ಟು ಗಂಟು ಕಾಣಿಸಿಕೊಂಡಿತು. ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆದರೆ ಮುಖದ ನರಕ್ಕೆ ಪೆಟ್ಟು ಬಿದ್ದರೂ ಬೀಳಬಹುದು ಎಂದರು ವೈದ್ಯರು. ಅಪ್ಪ ಅಮ್ಮ ಇರಲಿಲ್ಲ. ಅಣ್ಣ ಕಾಗದಕ್ಕೆ ಸಹಿ ಹಾಕಿದ.

ಜೀವ ಉಳಿಯಿತು. ಮುಖದ ಬಲಗಡೆ ಮಾತ್ರ ಪರದೆ ಕಳಚಿಬಿದ್ದ ಹಾಗೆ ಜೋಲುಬಿತ್ತು. ರೆಪ್ಪೆ ಮುಚ್ಚದು, ಹುಬ್ಬು ಏಳದು, ತುಟಿಯ ತುದಿ ಕೆಳಗೆಳೆದುಕೊಂಡಿತ್ತು. ಪ, ಬ, ಮ ಬಂದಾಗ ತುಟಿ ಕೂಡದೆ ಗಾಳಿ ಸೋರುತ್ತಿತ್ತು. “ಇರೋದು ಬಸ್ ನಿಲ್ದಾಣದಲ್ಲಿ. ಬಸ್ ಅನ್ನೋಕೇ ಬರಲ್ಲ,” ಎಂದು ಅವಳೇ ಹೇಳಿಕೊಂಡು, ‘ಗಾಡಿ’ ಎನ್ನುವುದನ್ನು ರೂಢಿ ಮಾಡಿಕೊಂಡಳು.

ಕೆಲಸಕ್ಕೆ ಮರಳಿದ ಹತ್ತನೆಯ ದಿನ ಒಬ್ಬ ಪ್ರಯಾಣಿಕ ದೂರು ಬರೆದುಕೊಟ್ಟ. ಟಿಕೆಟ್ ಕೊಡುವ ಹೆಂಗಸು ನನ್ನನ್ನು ನೋಡಿ ಮುಖ ಸೊಟ್ಟ ಮಾಡಿದಳು ಎಂದು. ಆಗಿನ ವ್ಯವಸ್ಥಾಪಕರು ಅವಳನ್ನು ಕರೆಸಿ, ದೂರನ್ನು ಓದಿ ಹೇಳಿ, “ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ,” ಎಂದು ಕಳೆದ ಸಾಮಾನಿನ ಕೋಣೆಯ ಬೀಗದ ಕೈ ಕೊಟ್ಟರು. ಅದು ಕಟ್ಟಡದ ಹಿಂಬದಿ, ಶೌಚಾಲಯದ ಆಚೆ. ಅಲ್ಲಿಗೆ ಬರುವವರು ದಿನಕ್ಕೆ ಐದಾರು ಜನ. ಅವರಿಗೂ ಕಣ್ಣು ತಮ್ಮ ಚೀಲದ ಮೇಲೆ.

ಕೌಂಟರಿಗೆ ವಾಪಸು ಹಾಕಿ ಎಂದು ವರ್ಷಕ್ಕೊಂದರಂತೆ ನಾಲ್ಕು ಅರ್ಜಿ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ. ಐದನೆಯ ಅರ್ಜಿಗೆಂದು ತೆಗೆದಿಟ್ಟ ಹಾಳೆಯ ಮೇಲೆ, ಯಾರೂ ಕೇಳಿಕೊಂಡು ಬಾರದ ಒಂದು ಕೈಗನ್ನಡಿಯನ್ನು ಟೀ ಲೋಟಕ್ಕೆ ಒರಗಿಸಿಟ್ಟು, ತನ್ನ ಮುಖವನ್ನು ಬರೆದಳು. ಚಿತ್ರ ಬರೆಯಲು ಅವಳಿಗೆ ಯಾರೂ ಕಲಿಸಿರಲಿಲ್ಲ. ಮೊದಲನೆಯದು ಕುಂಬಳಕಾಯಿಯಂತಿತ್ತು. ಮರುದಿನ ಇನ್ನೊಂದು ಬರೆದಳು.

ಆಮೇಲೆ ಬಿಡಲಿಲ್ಲ. ಅರ್ಜಿ ನಮೂನೆಯ ಹಿಂಬದಿ, ರದ್ದಾದ ವೇಳಾಪಟ್ಟಿಯ ಹಿಂಬದಿ, ಎಲ್ಲ ಕಡೆ ಅದೇ ಮುಖ. ಮುಂದೆ ರಟ್ಟಿನ ಪೆಟ್ಟಿಗೆಗಳಲ್ಲೂ ಹಿಡಿಸಲಾರದಷ್ಟಾದಾಗ ಮನೆಗೆ ಒಯ್ಯತೊಡಗಿದಳು. ಅಣ್ಣನ ಮನೆಯ ಮಹಡಿಯ ಮೇಲೆ ಅವಳಿಗೊಂದು ಕೋಣೆಯಿತ್ತು.

ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಛತ್ರಿ ಅಕ್ಕ ಎನ್ನುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಕೋಣೆಯಲ್ಲಿ ಅರವತ್ತು ಎಪ್ಪತ್ತು ಕರಿಯ ಛತ್ರಿಗಳು ಸೇರುತ್ತಿದ್ದವು. ಯಾರಾದರೂ ‘ನನ್ನದು ಕಪ್ಪು ಛತ್ರಿ’ ಎಂದು ಬಂದರೆ, “ಎಷ್ಟು ಕಡ್ಡಿ ಮುರಿದಿತ್ತು?” ಎಂದು ಕೇಳುತ್ತಿದ್ದಳು. ಸುಳ್ಳು ಹೇಳಿಕೊಂಡು ಬಂದವನು ಒಂದೂ ಇಲ್ಲ ಎನ್ನುತ್ತಿದ್ದ. ಕೆಲಸಕ್ಕೆ ಹೊಸದಾಗಿ ಸೇರಿದ್ದ ವೇಳಾಪಟ್ಟಿಯವಳು ಮೊದಲ ವಾರವೇ ಆ ಅಡ್ಡಹೆಸರು ಕೇಳಿ ಮುಜುಗರಪಟ್ಟಾಗ ಅಕ್ಕ ಮೇಲಿನ ಮಹಡಿಯ ಆಫೀಸಿನ ಕಡೆ ಗಲ್ಲ ಎತ್ತಿ, “ನಾನು ಛತ್ರಿ ಕಾಯೋಳು ಅಷ್ಟೇ. ಅಸಲಿ ಛತ್ರಿಗಳು ಅಲ್ಲಿ ಕೂತಿವೆ,” ಎಂದಿದ್ದಳು.

---

“ಅಕ್ಕ ಬರೆದದ್ದೆಲ್ಲ ಮೇಲೆ ಇದೆಯಲ್ಲ. ಅದರಲ್ಲಿ ಒಂದನ್ನ ಇಡೋಣ,” ಎಂದಳು ವೇಳಾಪಟ್ಟಿಯವಳು. “ಈ ಫೋಟೊ ಬೇಡ ಅಣ್ಣಾ. ದಮ್ಮಯ್ಯ ಅಂತೀನಿ.”

ಅಣ್ಣ ಹೆಂಡತಿಯ ಮುಖ ನೋಡಿದ. ಅತ್ತಿಗೆ ಸೆರಗಿನ ಅಂಚು ಸರಿಮಾಡಿಕೊಂಡಳು.

“ಮೇಲಿನ ಕೋಣೆ ಖಾಲಿ ಮಾಡ್ಲೇಬೇಕಾಗಿತ್ತಮ್ಮ. ನೆಂಟರು ಬರ್ತಿದಾರೆ, ಎಲ್ಲಿ ಮಲಗ್ಸೋದು? ಬೆಳಿಗ್ಗೆ ಹಳೇ ಪೇಪರಿನ ಗಾಡಿ ಬಂತು. ಕೊಟ್ಬಿಟ್ವಿ.”

“ಏನು ಕೊಟ್ಬಿಟ್ರಿ?”

“ಅವೇ ಕಾಗದಗಳು. ಐದು ಚೀಲ ಆಯ್ತು. ನಾನು ನೋಡಿಯೇ ಕೊಟ್ಟೆ, ಹಾಗೇನೂ ಕೊಟ್ಟಿಲ್ಲ. ಎಲ್ಲ ಒಂದೇ ಥರ ಇತ್ತು. ಒಂದೇ ಮುಖ.”

ವೇಳಾಪಟ್ಟಿಯವಳು ಮೆಟ್ಟಿಲು ಹತ್ತಿ ಹೋದಳು. ಕೋಣೆ ಗುಡಿಸಿ ಒರೆಸಿ ಸ್ವಚ್ಛವಾಗಿತ್ತು. ಸಾಲಾಗಿ ಮೂರು ಹಾಸಿಗೆ ಹಾಸಿದ್ದರು, ಪ್ರತಿಯೊಂದರ ಮೇಲೂ ಮಡಿಸಿದ ಹೊದಿಕೆ. ಬೀರುವಿನ ಬಾಗಿಲು ತೆರೆದು ನೋಡಿದಳು. ಹಾಸಿಗೆಗಳನ್ನು ಎತ್ತಿ ನೋಡಿದಳು. ಪೆನ್ಸಿಲ್ ಕೆತ್ತಿದ ಒಂದು ಸಿಪ್ಪೆ ಕೂಡ ಉಳಿದಿರಲಿಲ್ಲ. ಇಪ್ಪತ್ತಮೂರು ವರ್ಷದ ಕೆಲಸ. ಇದನ್ನು ಒಬ್ಬ ಗಂಡಸು ಮಾಡಿಟ್ಟಿದ್ದರೆ, ಅಥವಾ ನೆಟ್ಟಗಿನ ಮುಖದವಳು ಮಾಡಿಟ್ಟಿದ್ದರೆ, ಚೀಲಕ್ಕೆ ತುಂಬುವ ಮೊದಲು ಒಬ್ಬರಾದರೂ ‘ತಡಿ, ಇದೇನು’ ಎನ್ನುತ್ತಿದ್ದರು ಎಂದುಕೊಂಡಳು. ಅಳು ಬರಲಿಲ್ಲ. ಬಂದದ್ದು ಸಿಟ್ಟು.

ಬಾಗಿಲಲ್ಲಿ ಅಣ್ಣನ ಮಗಳು ನಿಂತಿದ್ದಳು. ಇಪ್ಪತ್ತೈದರ ಹುಡುಗಿ. ಅವಳ ಮದುವೆಯ ದಿನ ಗುಂಪಿನ ಫೋಟೊ ತೆಗೆಯುವಾಗ ಛಾಯಾಗ್ರಾಹಕ ಅಕ್ಕನನ್ನು ‘ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಹಿಂದೆ’ ಎನ್ನುತ್ತಾ ಕಂಬದ ಮರೆಗೆ ಕಳಿಸಿದ್ದನ್ನು ವೇಳಾಪಟ್ಟಿಯವಳು ಕಣ್ಣಾರೆ ಕಂಡಿದ್ದಳು.

“ನಾನು ಏಳೋಷ್ಟರಲ್ಲಿ ಗಾಡಿ ಹೋಗಿತ್ತು,” ಎಂದಳು ಹುಡುಗಿ. “ಓಡಿ ಹೋದೆ. ಸಿಗ್ಲಿಲ್ಲ.”

ವೇಳಾಪಟ್ಟಿಯವಳು ಅವಳನ್ನು ದಾಟಿ ಕೆಳಗಿಳಿದಳು. ಅಂತ್ಯಕ್ರಿಯೆ ಮೂರು ಗಂಟೆಗೆ. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಡ್ರೈವರನ ತೋಳು ತಟ್ಟಿ, “ನಿಲ್ದಾಣಕ್ಕೆ ಬಿಡ್ತೀರಾ?” ಎಂದಳು.

“ಈಗಲಾ?”

“ಈಗಲೇ.”

---

ವೇಳಾಪಟ್ಟಿಯ ಕೋಣೆಯಲ್ಲಿ ಗೋಡೆಗೆ ಹಾಕುವ ದೊಡ್ಡ ಹಾಳೆಗಳನ್ನು ಅಚ್ಚು ಹಾಕುವ ಪ್ರಿಂಟರ್ ಒಂದಿತ್ತು. ಅವಳು ಕಾಗದದ ಸುರುಳಿ ಏರಿಸಿ, ಕಂಪ್ಯೂಟರಿನಲ್ಲಿ ಕಡತ ತೆರೆದು, ಗುಂಡಿ ಒತ್ತಿದಳು. ಯಂತ್ರ ಒಮ್ಮೆ ಗೊರಕೆ ಹೊಡೆದು ಎಡಕ್ಕೂ ಬಲಕ್ಕೂ ಓಡಾಡತೊಡಗಿತು. ಕಾಗದ ಅಂಗುಲ ಅಂಗುಲವಾಗಿ ಹೊರಗೆ ಬರುತ್ತಿದ್ದಂತೆ ಅವಳು ಕೈಕಟ್ಟಿ ನಿಂತಳು.

ನಾಲ್ಕು ವರ್ಷದ ಹಿಂದೆ, ಹಳೆಯ ದಾಖಲೆಗಳಿಗೆಂದು ಈ ಕೋಣೆಗೆ ಸ್ಕ್ಯಾನರ್ ಬಂದ ವಾರ, ಅಕ್ಕ ಎದೆಗೆ ಒಂದು ಕಟ್ಟು ಅವುಚಿಕೊಂಡು ಬಂದಿದ್ದಳು. “ಪೆನ್ಸಿಲ್ ಒಂದಕ್ಕೊಂದು ಉಜ್ಜಿ ಅಳಿಸ್ಹೋಗ್ತಿದೆ ಕಣೇ. ಕೆಡದ ಹಾಗೆ ಇಡೋಕಾಗತ್ತಾ ಇದರಲ್ಲಿ?”

ಮೊದಲ ಚಿತ್ರ ಪರದೆಯ ತುಂಬ ದೊಡ್ಡದಾಗಿ ಬಂದಾಗ ಅಕ್ಕ ಹಿಂದೆ ಸರಿದಳು. ತನ್ನ ಗೆರೆಗಳನ್ನು ಅಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ.

“ಮೂಗಿನ ಮೇಲೇನದು?”

“ರಬ್ಬರಿನ ಪುಡಿ ಅಕ್ಕ. ತೆಗೀಲಾ?”

“ಬೇಡ ಇರ್ಲಿ. ಅಳಿಸಿದ್ದೂ ನಾನೇ ತಾನೇ.”

ಆಮೇಲೆ ದಿನಾ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಈ ಕುರ್ಚಿ ಅಕ್ಕನದಾಯಿತು. ಮೌಸ್ ಹಿಡಿಯಲು ಒಂದು ವಾರ ಹಿಡಿಯಿತು. “ಇದು ಇಲಿಯಲ್ಲ, ಹೆಗ್ಗಣ,” ಎಂದು ಬೈಯುತ್ತಿದ್ದಳು. ಒಂದು ಚಿತ್ರದ ಮೇಲೆ ಗಾಜಿನ ಹಾಳೆ ಹಾಸಿದಂತೆ ಇನ್ನೊಂದು ಪದರ ಹಾಸಬಹುದು, ಕೆಳಗಿನದು ಕೆಡದ ಹಾಗೆ ಮೇಲಿನದರಲ್ಲಿ ಎಷ್ಟು ಬೇಕಾದರೂ ತಿದ್ದಬಹುದು ಎಂದು ತಿಳಿದ ದಿನ ಕೇಳಿದಳು: “ಹಂಗಾದ್ರೆ ಹಳೇದು ಹಾಗೇ ಇರತ್ತೆ?” “ಇರತ್ತೆ ಅಕ್ಕ.” “ಒಳ್ಳೇದು ಕಣೇ ಇದು. ಮನುಷ್ಯರಿಗೂ ಇದ್ದಿದ್ರೆ.”

ಚಿತ್ರವನ್ನು ಅಡ್ಡಡ್ಡ ತಿರುಗಿಸುವ ಗುಂಡಿಯನ್ನು ಅವಳು ಒತ್ತಿದ್ದು ಗೊತ್ತಿಲ್ಲದೆ. ಜೋಲುಬಿದ್ದ ಬದಿ ಥಟ್ಟನೆ ಆ ಕಡೆಯಿಂದ ಈ ಕಡೆಗೆ ಬಂತು. ಅಕ್ಕನ ಕೈ ನಿಂತುಹೋಯಿತು. ಇಷ್ಟು ವರ್ಷ ಅವಳು ಬರೆದದ್ದೆಲ್ಲ ಕನ್ನಡಿಯೊಳಗಿನ ಮುಖ. ಈಗ ಮೊದಲ ಸಲ ಎದುರಿಗೆ ಕೂತವರು ನೋಡುವ ಮುಖ ಅವಳ ಕಣ್ಣಿಗೆ ಬಿದ್ದಿತ್ತು.

“ನೀವೆಲ್ಲ ನೋಡ್ತಿದ್ದದ್ದು ಇದನ್ನಾ?”

“ಹೂಂ ಅಕ್ಕ.”

ಪರದೆಯ ಹತ್ತಿರಕ್ಕೆ ಬಗ್ಗಿದಳು. “ಇದಕ್ಕಾ ಅಷ್ಟು ಹೆದರಿಕೊಂಡ್ರು ಅವರು?”

ಆಗ ವೇಳಾಪಟ್ಟಿಯವಳು ಒಂದು ಕೆಲಸ ಮಾಡಿದ್ದಳು. ಇಂದು ಅದು ನೆನಪಾಗಿ, ನಿಂತಲ್ಲೇ ಅವಳಿಗೆ ಮುಖ ಬಿಸಿಯಾಯಿತು. ಸಮಾಧಾನ ಮಾಡುವ ಉತ್ಸಾಹದಲ್ಲಿ ಮೌಸ್ ತೆಗೆದುಕೊಂಡು, ಅಕ್ಕನ ಮುಖದ ಎಡಗಡೆಯನ್ನು ಕತ್ತರಿಸಿ, ತಿರುಗಿಸಿ, ಬಲಗಡೆಗೆ ಅಂಟಿಸಿ, “ನೋಡಿ ಅಕ್ಕ, ಹೀಗಿದ್ರೆ!” ಎಂದಿದ್ದಳು. ಸ್ಟುಡಿಯೋದವನು ಮಾಡಿದ್ದನ್ನೇ ಅವನಿಗಿಂತ ನಾಲ್ಕು ವರ್ಷ ಮೊದಲು ಅವಳು ಮಾಡಿದ್ದಳು.

ಅಕ್ಕ ಸಿಟ್ಟಾಗಲಿಲ್ಲ. “ಇವಳು ನಂಗೆ ಪರಿಚಯ ಇಲ್ಲ,” ಎಂದಳು. “ಮೂವತ್ತೆರಡಕ್ಕೇ ಹೋದ್ಲು. ಅಳಿಸು.”

ಮರುದಿನದಿಂದ ಅಕ್ಕ ಬೇರೆಯದೇ ಕೆಲಸ ಹಿಡಿದಳು. ನೂರಾರು ಚಿತ್ರಗಳಲ್ಲಿ ಒಂದನ್ನು ಆರಿಸಿದಳು. ತಿರುಗಿಸಿದಳು. ಒಂದೇ ಹಾಳೆಯಲ್ಲಿ ಮೂರು ಸಾಲಾಗಿ ಅದನ್ನೇ ಒಂಬತ್ತು ಸಲ ಇಟ್ಟು, ಮೊದಲನೆಯದನ್ನು ಇದ್ದ ಹಾಗೇ ಬಿಟ್ಟಳು, ರಬ್ಬರಿನ ಪುಡಿ ಸಮೇತ. ಎರಡನೆಯದರಲ್ಲಿ ಕೂದಲು ತೆಗೆದಳು. ಮೂರನೆಯದರಲ್ಲಿ ಕಿವಿ, ಕುತ್ತಿಗೆ. ಹೀಗೆ ಒಂದೊಂದನ್ನೇ ಬಿಡುತ್ತಾ ಹೋದಳು. ಎಡಗಣ್ಣು ಹೋಯಿತು, ಮಚ್ಚೆ ಹೋಯಿತು, ಮೂಗು ಹೋಯಿತು. ಬಿಡುವುದು ಸುಲಭವಾಗಿರಲಿಲ್ಲ. ಬೇಸಿಗೆಯಿಂದ ಮುಂದಿನ ಬೇಸಿಗೆಯವರೆಗೆ ಅದೇ ನಡೆಯಿತು. ತೆಗೆದದ್ದನ್ನು ಮತ್ತೆ ಹಾಕುವಳು, ಗೆರೆ ದಪ್ಪ ಮಾಡುವಳು, ತೆಳ್ಳಗೆ ಮಾಡುವಳು, ನೀಲಿ ಬಳಿದು ನೋಡಿ ಛೀ ಎನ್ನುವಳು. ಕೊನೆಗೆ ಒಂಬತ್ತನೆಯದರಲ್ಲಿ ಉಳಿದದ್ದು ಎರಡೇ: ಮುಚ್ಚದ ಆ ಕಣ್ಣು, ಕೆಳಗೆ ಜಾರಿದ ತುಟಿಯ ಗೆರೆ. ಖಾಲಿ ಬಿಳಿಯಲ್ಲಿ ಬರೀ ಅಷ್ಟು. ಆದರೂ ನಿಲ್ದಾಣದಲ್ಲಿ ಯಾರಿಗೆ ತೋರಿಸಿದರೂ ಕ್ಷಣದಲ್ಲಿ, “ಅರೆ, ಛತ್ರಿ ಅಕ್ಕ,” ಎಂದರು.

“ನೋಡಿದ್ಯಾ,” ಎಂದಿದ್ದಳು ಅಕ್ಕ. “ಎಲ್ಲ ತೆಗೆದ್ರೂ ಇಷ್ಟರಲ್ಲೇ ಇದೀನಿ.”

ಕಳೆದ ವರ್ಷ ನಿಲ್ದಾಣದ ಹೊಸ ಕಟ್ಟಡ ಆಯಿತು. ಸಿಬ್ಬಂದಿ ಬರೆದ ಚಿತ್ರಗಳಿಗೆ ಒಂದು ಗೋಡೆ ಮೀಸಲು ಎಂದು ನೋಟೀಸು ಹಾಕಿದರು. ಅಕ್ಕ ಅಚ್ಚು ಹಾಕಿಸಿ, ಸುರುಳಿ ಸುತ್ತಿ, ಈಗಿನ ವ್ಯವಸ್ಥಾಪಕರ ಮೇಜಿನ ಮೇಲೆ ಬಿಡಿಸಿದಳು. ಜೊತೆಗೆ ವೇಳಾಪಟ್ಟಿಯವಳೂ ಹೋಗಿದ್ದಳು. ವ್ಯವಸ್ಥಾಪಕರು ಚಿತ್ರವನ್ನಲ್ಲ, ಮೇಜಿನ ಅಂಚನ್ನು ನೋಡುತ್ತಾ ಮಾತಾಡಿದರು. “ಚೆನ್ನಾಗಿದೆ ಮೇಡಂ, ಶ್ರಮ ಕಾಣತ್ತೆ. ಆದ್ರೆ ಪ್ರಯಾಣಿಕರಿಗೆ ನೋಡಿದ ಕೂಡ್ಲೇ ಉಲ್ಲಾಸ ಬರಬೇಕು. ನಗುಮುಖದ್ದು ಏನಾದ್ರೂ ಇದ್ರೆ ಕೊಡಿ.” ಈಗ ಆ ಗೋಡೆಯ ಮೇಲೆ ಇಂಟರ್ನೆಟ್ಟಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಚಿತ್ರವಿದೆ. ಯಾವ ಬಸ್ಸಿಗೂ ಎಂದೂ ಕಾಯದ ಐದು ಜನ ಹಲ್ಲು ಬಿಟ್ಟು ನಗುತ್ತಿದ್ದಾರೆ.

ವೇಳಾಪಟ್ಟಿಯವಳು ಅಂದು ಬಾಯಿ ಬಿಟ್ಟಿರಲಿಲ್ಲ. ಅವಳ ಬಡ್ತಿಯ ಕಾಗದ ಅದೇ ಮೇಜಿನ ಮೇಲಿತ್ತು. ಮೆಟ್ಟಿಲಿಳಿಯುವಾಗ ಅಕ್ಕ, “ನೀನ್ಯಾಕೆ ತಲೆ ತಗ್ಗಿಸ್ತೀಯೇ? ತಗ್ಗಿಸಬೇಕಾದವರು ಮೇಲಿದಾರೆ,” ಎಂದಿದ್ದಳು.

ಯಂತ್ರ ನಿಂತಿತು. ಅವಳು ಹಾಳೆಯನ್ನು ಕತ್ತರಿಸಿ ಸುತ್ತಿಕೊಂಡಳು.

---

ಚಿತಾಗಾರದ ಪಕ್ಕದ ಹಾಲಿನಲ್ಲಿ ಎಪ್ಪತ್ತು ಕುರ್ಚಿಗಳಿದ್ದವು, ಅರ್ಧಕ್ಕಿಂತ ಹೆಚ್ಚು ತುಂಬಿದ್ದವು. ನಿಲ್ದಾಣದಿಂದ ಡ್ರೈವರುಗಳು, ಕಂಡಕ್ಟರುಗಳು, ಕಸ ಗುಡಿಸುವವರು ಸಮವಸ್ತ್ರದಲ್ಲೇ ಬಂದಿದ್ದರು. ಮುಂದೆ ಅಕ್ಕ. ಅವಳ ತಲೆಯ ಹತ್ತಿರ, ಎರಡು ಮಚ್ಚೆಯ ಆ ಫೋಟೊ.

ವೇಳಾಪಟ್ಟಿಯವಳು ಒಳಗೆ ಬಂದಾಗ ವ್ಯವಸ್ಥಾಪಕರು ಮಾತಾಡುತ್ತಿದ್ದರು. ಕೈಯಲ್ಲಿ ಚೀಟಿಯಿತ್ತು.

“...ಮೂವತ್ತೇಳು ವರ್ಷಗಳ ನಿಷ್ಠಾವಂತ ಸೇವೆ. ಮೃದುಭಾಷಿ. ಸದಾ ಹಸನ್ಮುಖಿ. ತೆರೆಮರೆಯಲ್ಲಿ ಕೆಲಸ ಮಾಡಲು ಇಷ್ಟಪಟ್ಟವರು. ಕಲಾವಿದೆಯೂ ಹೌದು ಅನ್ನೋದು ನಮ್ಮ ಹೆಮ್ಮೆ. ಅವರ ನೆನಪಿಗಾಗಿ ಈ ಸುಂದರ ಭಾವಚಿತ್ರವನ್ನೇ ನಮ್ಮ ನಿಲ್ದಾಣದ ಗೋಡೆಗೆ...”

“ಸಾರ್, ಒಂದು ನಿಮಿಷ.”

ದನಿ ಜೋರಾಗಿರಲಿಲ್ಲ. ಆದರೂ ಎಲ್ಲರೂ ತಿರುಗಿದರು. ಅವಳು ನಡುವಿನ ದಾರಿಯಲ್ಲಿ ನಿಂತಿದ್ದಳು, ಕಂಕುಳಲ್ಲಿ ಸುರುಳಿ.

“ಹಸನ್ಮುಖಿ ಅಂದ್ರಿ. ನಗೋಕೆ ಬರಲ್ಲ ಅಂತ ತಾನೇ ಅವರನ್ನ ಕೌಂಟರಿನಿಂದ ಎಬ್ಬಿಸಿದ್ದು?”

ವ್ಯವಸ್ಥಾಪಕರು ಚೀಟಿ ನೋಡಿದರು. “ಅದೆಲ್ಲ ನನಗಿಂತ ಹಿಂದಿನವರ ಕಾಲದ್ದು ಮೇಡಂ.”

“ಗೋಡೆ ನಿಮ್ಮ ಕಾಲದ್ದು.”

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿತು.

“ತೆರೆಮರೆ ಇಷ್ಟ ಅಂದ್ರಿ. ಅಲ್ಲಿಂದ ಹೊರಗೆ ಬಿಡಿ ಅಂತ ನಾಲ್ಕು ಅರ್ಜಿ ಬರೆದಿದ್ರು ಅವರು. ಓದಿದೀರಾ? ತಮ್ಮ ಮುಖಾನ ತಾವೇ ಬರೆದು ನಿಮ್ಮ ಮೇಜಿನ ಮೇಲಿಟ್ರು. ನಗುಮುಖ ತನ್ನಿ ಅಂದ್ರಿ. ಈಗ ಮುಖ ಬದಲಾಯಿಸಿ ಕೊಟ್ಟ ಮೇಲೆ ಗೋಡೆ ಸಿಕ್ತು. ಅವರು ಸಾಯೋವರೆಗೆ ಕಾಯಬೇಕಾಯ್ತು, ಅಷ್ಟೇ. ನಾನೂ ಅವತ್ತು ಅಲ್ಲೇ ನಿಂತಿದ್ದೆ, ಸುಮ್ಮನೆ. ಅದಕ್ಕೆ ಇವತ್ತು ಮಾತಾಡ್ತಿದೀನಿ.”

“ಇದಕ್ಕೆಲ್ಲ ಇದು ಸಮಯ ಅಲ್ಲ,” ಎಂದರು ವ್ಯವಸ್ಥಾಪಕರು.

“ಯಾವುದು ಸಮಯ ಅಂತ ಹೇಳಿಬಿಡಿ ಸಾರ್. ವೇಳಾಪಟ್ಟೀಲಿ ಹಾಕ್ತೀನಿ.”

ಯಾರೋ ನಕ್ಕು, ಆ ನಗುವನ್ನು ಕೆಮ್ಮಾಗಿ ಮಾಡಿಕೊಂಡರು. ಅಣ್ಣ ಎದ್ದು ನಿಂತ. “ಸಾಕು ಕಣಮ್ಮ. ನನ್ನ ತಂಗಿ ಅವಳು. ನಿಂಗಿಂತ ನಂಗೆ ಜಾಸ್ತಿ ಸೇರಬೇಕಾದವಳು. ಅವಳು ಹೆಂಗೆ ಕಾಣಬೇಕು ಅನ್ನೋದನ್ನ ನಾನು...”

“ಅಪ್ಪ,” ಎಂದಳು ಮಗಳು.

ಅವಳು ಕೂತಲ್ಲಿಂದಲೇ, ಮೆಲ್ಲಗೆ ಹೇಳಿದಳು. “ಊಟಕ್ಕೆ ಕೂತಾಗ ನೀವು ಯಾವಾಗ್ಲೂ ಅತ್ತೆಯ ಎಡಗಡೆಗೇ ಕೂರ್ತಿದ್ರಿ. ಎಲ್ಲಿಗೆ ಹೊರಟ್ರೂ ಅವರ ಎಡಗಡೆಗೇ ನಡೀತಿದ್ರಿ. ಅತ್ತೆಗೆ ಗೊತ್ತಿತ್ತು. ‘ನಿಮ್ಮಪ್ಪ ಆ ಕಾಗದಕ್ಕೆ ಸೈನ್ ಹಾಕಿದಾನಲ್ಲ, ಪಾಪ, ಈ ಕಡೆ ನೋಡೋಕೆ ಅವನ ಕೈಲಿ ಆಗಲ್ಲ,’ ಅಂತ ನನ್ನ ಹತ್ರ ಹೇಳ್ತಿದ್ರು. ಅವರಿಗೆ ನಿಮ್ಮ ಮೇಲೆ ಸಿಟ್ಟಿರ್ಲಿಲ್ಲ. ಆದ್ರೆ ಒಂದು ಸಲ ನೋಡಿದ್ರೆ ಆಗ್ತಿತ್ತು ಅಪ್ಪ.”

ಅಣ್ಣ ನಿಂತೇ ಇದ್ದ. ಅತ್ತಿಗೆ ಅವನ ಅಂಗಿಯ ತುದಿ ಹಿಡಿದು ಎಳೆದಾಗ ಕೂತ.

ವೇಳಾಪಟ್ಟಿಯವಳು ಮುಂದೆ ಹೋಗಿ ಸುರುಳಿ ಬಿಡಿಸಿದಳು. ನೇತು ಹಾಕಲು ಗೋಡೆಯಲ್ಲಿ ಮೊಳೆಯಿರಲಿಲ್ಲ, ಅಂಟಿಸಲು ಅವಳಲ್ಲಿ ಏನೂ ಇರಲಿಲ್ಲ. ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಕಾಗದ. ಬಿಟ್ಟರೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಅವಳು ಮೇಲಿನ ಎರಡು ಮೂಲೆಗಳನ್ನು ಕೈಚಾಚಿ ಹಿಡಿದು, ಅಕ್ಕನ ಪಕ್ಕ, ಜನ ಕೊನೆಯ ನೋಟಕ್ಕೆ ಸಾಲಾಗಿ ಬರುವ ಜಾಗದಲ್ಲಿ ನಿಂತಳು. ಅವಳ ಮುಖ ಕಾಗದದ ಹಿಂದೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ತೋಳು ಸೋತು ಕಾಗದ ನಡುಗತೊಡಗಿತು. ಆಗ ಅಣ್ಣನ ಮಗಳು ಎದ್ದು ಬಂದು ಒಂದು ಮೂಲೆ ತನ್ನ ಕೈಗೆ ತೆಗೆದುಕೊಂಡಳು. ಕಾಗದ ಬಿಗಿಯಾಗಿ ನಿಂತಿತು.

ಜನ ಬಂದರು. ಇಬ್ಬರಿಗೂ ಕಾಣುತ್ತಿದ್ದದ್ದು ಕಾಗದದ ಕೆಳಗಿನ ಪಾದಗಳು ಮಾತ್ರ. ಎಣ್ಣೆ ಕಲೆಯ ಬೂಟುಗಳು ಬಂದು ನಿಂತವು. “ಇದು. ಇದು ನಮ್ಮಕ್ಕ,” ಎಂದ ಡ್ರೈವರ್, ಯಾರಿಗೂ ಅಲ್ಲದೆ. ರಬ್ಬರ್ ಚಪ್ಪಲಿಗಳು, ಕ್ಯಾನ್ವಾಸ್ ಬೂಟುಗಳು, ಗುಡಿಸುವವಳ ಒಡೆದ ಹಿಮ್ಮಡಿಗಳು. ಪ್ರತಿಯೊಂದೂ ಒಂದಿಷ್ಟು ಹೊತ್ತು ನಿಂತು ಮುಂದೆ ಸರಿದವು. ಹೊಳಪಿನ ಕಪ್ಪು ಬೂಟುಗಳು ಪಕ್ಕದ ಬಾಗಿಲಿನತ್ತ ನಡೆದುಹೋದವು. ಅತ್ತಿಗೆಯ ಪಾದಗಳು ನಿಂತು, ಬೆರಳು ಮಡಿಸಿಕೊಂಡು, ಹೋದವು.

ಕೊನೆಗೆ ಬಂದ ಕಾಲುಗಳು ಅಪ್ಪನವೆಂದು ಮಗಳು ಗುರುತಿಸಿದಳು. ಅವು ಸರಿಯಲಿಲ್ಲ. ಚಿತಾಗಾರದವನು ಒಳಗಿನಿಂದ ಬಂದು ಸಮಯವಾಯಿತೆಂದು ಹೇಳಿ, ತಾನೂ ಬಾಗಿಲಿಗೊರಗಿ ಕಾದ. ಆ ಕಾಲುಗಳ ಮಂಡಿ ನಿಧಾನವಾಗಿ ಬಾಗಿತು. ಕಾಗದದ ಕೆಳಗಿನ ಮೂಲೆಯಲ್ಲಿ, ಒಂಬತ್ತನೆಯ ಚಿತ್ರವಿರುವ ಕಡೆ, ಆಚೆಯಿಂದ ಒಂದು ಬೆರಳಿನ ತುದಿ ಸಣ್ಣಗೆ ಉಬ್ಬಿ ಕಾಣಿಸಿತು. ಅದು ಅಲ್ಲೇ ಸ್ವಲ್ಪ ತಡೆದು, ಆಮೇಲೆ ಆ ಒಂದು ಗೆರೆ ಜಾರಿದ ದಾರಿಯಲ್ಲೇ, ಕೆಳಗೆ, ಕೆಳಗೆ, ಕಾಗದ ಹರಿಯದ ಹಾಗೆ ಇಳಿಯತೊಡಗಿತು.